ಎರಡು ಚಕ್ರ, ಒಂದು ಜಗಳ: ಎಇ86 ಕಾರಿನ ಎಲ್‌ಎಸ್‌ಡಿ ಕಥೆ (10 ಭಾಗಗಳಲ್ಲಿ)

1/10 — ತಪ್ಪು ನನ್ನದೇ

ಮಳೆಗಾಲದಲ್ಲಿ ಗದ್ದೆಗೆ ಇಳಿದ ಟ್ರ್ಯಾಕ್ಟರ್ ನೋಡಿದೀರಾ? ಒಂದು ಹಿಂದಿನ ಚಕ್ರ ಕೆಸರಲ್ಲಿ ಗಿರಗಿರ ಸುತ್ತುತ್ತೆ. ಇನ್ನೊಂದು ಗಟ್ಟಿ ನೆಲದ ಮೇಲೆ ಸುಮ್ನೆ ನಿಂತಿರುತ್ತೆ. ಎಂಜಿನ್ ಕೂಗ್ತಾ ಇರುತ್ತೆ, ಗಾಡಿ ಮಾತ್ರ ಅಲ್ಲಾಡಲ್ಲ. ಆಗ ಡ್ರೈವರ್ ಕಾಲ ಹತ್ತಿರ ಇರೋ ಒಂದು ಪೆಡಲ್ ಒತ್ತುತ್ತಾರೆ. ಎರಡೂ ಚಕ್ರ ಒಟ್ಟಿಗೆ ತಿರುಗಿ ಟ್ರ್ಯಾಕ್ಟರ್ ಮೇಲೆ ಬರುತ್ತೆ. ಅದೇ ಡಿಫ್ ಲಾಕ್.

ಕಳೆದ ವಾರ ಲ್ಯಾಬ್‌ನಲ್ಲಿ ಡಿಫರೆನ್ಷಿಯಲ್ ಬಿಚ್ಚಿಟ್ಟಿದ್ದಾಗ ನಮ್ಮ ಕ್ಲಾಸಿನವನೊಬ್ಬ ಕೇಳಿದ: "ಚಕ್ರ ಎರಡನ್ನೂ ಪೂರ್ತಿ ಲಾಕ್ ಮಾಡಿಬಿಟ್ರೆ ಹಿಡಿತ ಜಾಸ್ತಿ ಅಲ್ವಾ?" ನಾನು ದೊಡ್ಡ ತಜ್ಞನ ಥರ "ಹೌದು ಮಗಾ, ಲಾಕ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಅಂದುಬಿಟ್ಟೆ. ಈಗ ಅವನು ಮನೇಲಿರೋ ಹಳೇ ಹಿಂಬದಿ ಡ್ರೈವ್ ಕಾರಿನ ಡಿಫರೆನ್ಷಿಯಲ್‌ಗೆ ವೆಲ್ಡಿಂಗ್ ಹೊಡಿಸೋಕೆ ಹೊರಟಿದಾನೆ. ಅದೇ ಕಾರಲ್ಲಿ ಅವನ ತಂಗಿ ಟ್ಯೂಷನ್‌ಗೆ ಹೋಗಿ ಬರ್ತಾಳೆ.

ನಾನು ಹೇಳಿದ್ದು ತಪ್ಪು. ಎಷ್ಟು ತಪ್ಪು ಅಂತ ತೋರಿಸೋಕೆ ಸುಮಾರು 200 ವರ್ಷದ ಕಥೆ ಬೇಕು. ಅದಕ್ಕೇ ಈ ಸರಣಿ. ಕೊನೆಗೆ ನಾವು ಹೋಗಿ ನಿಲ್ಲೋದು ನಿಮಗೆಲ್ಲ ಗೊತ್ತಿರೋ ಒಂದು ಜಪಾನಿ ಕಾರಿನ ಹತ್ತಿರ.

2/10 — ಗಡಿಯಾರದವನ ಗೇರು

ಕಾಗದದ ಮೇಲೆ ಒಂದು ತಿರುವು ಬರೀರಿ. ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಹೋಗುತ್ತೆ, ಹೊರಗಿನದು ದೊಡ್ಡ ವೃತ್ತದಲ್ಲಿ. ಎರಡೂ ಒಂದೇ ಹೊತ್ತಿಗೆ ತಿರುವು ಮುಗಿಸಬೇಕು. ಅಂದ್ರೆ ಹೊರಗಿನ ಚಕ್ರ ಜೋರಾಗಿ ಸುತ್ತಲೇಬೇಕು.

ಎತ್ತಿನಗಾಡಿಗೆ ಇದು ಸಮಸ್ಯೆಯೇ ಅಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ, ಎಳೆಯೋದು ಎತ್ತು. ತಲೆನೋವು ಶುರುವಾಗಿದ್ದು ಎಂಜಿನ್ನು ಚಕ್ರವನ್ನೇ ತಿರುಗಿಸೋಕೆ ಹೊರಟಾಗ. ಎರಡು ಚಕ್ರವನ್ನೂ ಒಂದೇ ಗಟ್ಟಿ ಸಲಾಕೆಗೆ ಕಟ್ಟಿದ್ರೆ ಪ್ರತಿ ತಿರುವಿನಲ್ಲೂ ಒಂದಲ್ಲ ಒಂದು ಚಕ್ರ ನೆಲದ ಮೇಲೆ ಉಜ್ಜಿಕೊಂಡೇ ಹೋಗಬೇಕು.

1820ರ ದಶಕದ ಕೊನೆಯಲ್ಲಿ ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಗಡಿಯಾರ ತಯಾರಕ ಉಗಿಬಂಡಿಗಾಗಿ ಡಿಫರೆನ್ಷಿಯಲ್‌ನ ಪೇಟೆಂಟ್ ಪಡೆದ. ಇವತ್ತು ಲ್ಯಾಬ್‌ನಲ್ಲಿ ನಾವು ಬಿಚ್ಚೋ ಡಿಫರೆನ್ಷಿಯಲ್ ಅದೇ ಯೋಚನೆಯ ಮೊಮ್ಮಗ. ನಡುವೆ ಸಣ್ಣ ಪಿನಿಯನ್ ಗೇರುಗಳು, ಅವುಗಳ ಎರಡು ಕಡೆ ಒಂದೊಂದು ಸೈಡ್ ಗೇರು, ಒಂದೊಂದು ಆಕ್ಸಲ್.

ಅರ್ಥ ಮಾಡ್ಕೊಳ್ಳೋಕೆ ತಕ್ಕಡಿ ನೆನಪಿಸಿಕೊಳ್ಳಿ. ನಡುವೆ ಹಿಡಿದು ಎತ್ತಿದ್ರೆ ಎರಡು ತಟ್ಟೆಗೂ ಸಮಪಾಲು. ಡಿಫರೆನ್ಷಿಯಲ್ ಟಾರ್ಕ್ ಹಂಚೋದೂ ಹಾಗೇ: ವೇಗ ಬೇರೆ ಬೇರೆ ಇರಬಹುದು, ಟಾರ್ಕ್ ಮಾತ್ರ ಎರಡಕ್ಕೂ ಸಮ. ಕೇಳೋಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ಸಮಸ್ಯೆ ಇರೋದೂ ಆ ನ್ಯಾಯದಲ್ಲೇ.

3/10 — 16 ಸಿಲಿಂಡರು, ಒಂದು ಸೋಮಾರಿ ಚಕ್ರ

ತಕ್ಕಡಿಯ ಒಂದು ತಟ್ಟೆ ಖಾಲಿ ಇದ್ರೆ ಇನ್ನೊಂದರಲ್ಲಿ ಏನೂ ನಿಲ್ಲಲ್ಲ. ಒಂದು ಲೆಕ್ಕ ಹಾಕೋಣ. ಕೆಸರಲ್ಲಿರೋ ಚಕ್ರ ಬರೀ 50 ನ್ಯೂಟನ್ ಮೀಟರ್ ಟಾರ್ಕ್ ತಡ್ಕೊಳ್ಳುತ್ತೆ ಅಂದ್ಕೊಳ್ಳಿ. ಅದಕ್ಕಿಂತ ಜಾಸ್ತಿ ಕೊಟ್ರೆ ಜಾರುತ್ತೆ. ಗಟ್ಟಿ ನೆಲದ ಚಕ್ರ 500 ತಡ್ಕೊಳ್ಳೋಕೆ ರೆಡಿ ಇದ್ರೂ ಅದಕ್ಕೆ ಸಿಗೋದು ಅದೇ 50. ಒಟ್ಟು 100. ಗಾಡಿ ಅಲ್ಲೇ.

ಇದು ಗದ್ದೆಯ ಕಥೆ ಮಾತ್ರ ಅಲ್ಲ. 1934ರಲ್ಲಿ ಜರ್ಮನಿಯ ಆಟೋ ಯೂನಿಯನ್ ತಂಡ ಫರ್ಡಿನಾಂಡ್ ಪೋರ್ಷೆ ವಿನ್ಯಾಸ ಮಾಡಿದ ಗ್ರ್ಯಾನ್ ಪ್ರಿ ಕಾರನ್ನು ರೇಸಿಗಿಳಿಸಿತು. ಚಾಲಕನ ಬೆನ್ನ ಹಿಂದೆ 16 ಸಿಲಿಂಡರ್ ಎಂಜಿನ್. 1936ರ ಹೊತ್ತಿಗೆ ಅದು 6 ಲೀಟರ್ ಆಗಿ ಸುಮಾರು 520 ಅಶ್ವಶಕ್ತಿ ಕೊಡ್ತಿತ್ತು. ಟೈರ್‌ಗಳೋ, ಇವತ್ತಿನ ಲೆಕ್ಕದಲ್ಲಿ ತೀರಾ ಸಪೂರ. ಗಂಟೆಗೆ 160 ಕಿ.ಮೀ. ವೇಗದಲ್ಲೂ ಒಂದು ಹಿಂಚಕ್ರ ಹಿಡಿತ ಬಿಟ್ಟು ಸುತ್ತುತ್ತಿತ್ತು ಅಂತ ಆ ಕಾರಿನ ಬಗ್ಗೆ ಹೇಳ್ತಾರೆ.

ಪೋರ್ಷೆ ಹೋಗಿ ಕೇಳಿದ್ದು ಝಡ್‌ಎಫ್ ಕಂಪನಿಯನ್ನು. ಹೆಸರಿನ ಪೂರ್ಣರೂಪದ ಅರ್ಥವೇ "ಗೇರ್ ಕಾರ್ಖಾನೆ". ಅವರು ಕೊಟ್ಟಿದ್ದು ಜಾರುವಿಕೆಗೆ ಮಿತಿ ಹಾಕೋ ಡಿಫರೆನ್ಷಿಯಲ್, ಅಂದ್ರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಚಿಕ್ಕದಾಗಿ ಎಲ್‌ಎಸ್‌ಡಿ. (ಆ ಎಲ್‌ಎಸ್‌ಡಿ ಅಲ್ಲ, ನಗಬೇಡಿ.)

ಅದರೊಳಗೆ ಇದ್ದದ್ದು ಕ್ಯಾಮ್‌ಗಳು, ಅವುಗಳ ನಡುವೆ ಜಾರೋ ಲೋಹದ ತುಂಡುಗಳು. ಕ್ಲಚ್ ಪ್ಲೇಟ್ ಇರೋ ಬಗೆ ಜನಸಾಮಾನ್ಯರ ಕಾರಿಗೆ ಬಂದಿದ್ದು ಅಮೆರಿಕದಲ್ಲಿ.

4/10 — ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಡಿಫರೆನ್ಷಿಯಲ್

1956ರ ಮಾಡೆಲ್‌ನಲ್ಲಿ ಪ್ಯಾಕರ್ಡ್ ಕಂಪನಿ "ಟ್ವಿನ್ ಟ್ರ್ಯಾಕ್ಷನ್" ಅನ್ನೋ ಹೆಸರಲ್ಲಿ ಎಲ್‌ಎಸ್‌ಡಿ ಕೊಟ್ಟಿತು. 1957ರಲ್ಲಿ ಷೆವ್ರೋಲೆ "ಪಾಸಿಟ್ರ್ಯಾಕ್ಷನ್" ತಂತು, ಕಾರ್ವೆಟ್‌ಗೂ ಹಾಕಿತು. ಆಮೇಲೆ ಎಲ್ಲ ಕಂಪನಿಗೂ ಒಂದೊಂದು ಹೆಸರು: ಕ್ರೈಸ್ಲರ್‌ನವರದ್ದು ಶ್ಯೂರ್ ಗ್ರಿಪ್, ಫೋರ್ಡ್‌ನವರದ್ದು ಟ್ರ್ಯಾಕ್ಷನ್ ಲಾಕ್.

ಕೊಂಡವರೆಲ್ಲ ರೇಸಿನವರಲ್ಲ. ಹಿಮ ಬೀಳೋ ಊರಲ್ಲಿ ಮನೆ ಮುಂದಿನ ಇಳಿಜಾರು ಹತ್ತೋಕೆ ಪರದಾಡ್ತಿದ್ದವರೂ ಇದ್ದರು. ಸಿಗ್ನಲ್‌ನಲ್ಲಿ ಹಸಿರು ಬಿದ್ದ ಕೂಡ್ಲೆ ಟೈರ್ ಸುಡೋ ಹುಡುಗರೂ ಇದ್ದರು. ಓಪನ್ ಡಿಫರೆನ್ಷಿಯಲ್ ಇದ್ರೆ ರಸ್ತೆ ಮೇಲೆ ಸಾಮಾನ್ಯವಾಗಿ ಒಂದೇ ಕಪ್ಪು ಗೆರೆ. ಎಲ್‌ಎಸ್‌ಡಿ ಇದ್ರೆ ಎರಡು.

ಈ ಎರಡು ಗೆರೆಯ ಮೇಲೇ ಒಂದು ಸಿನಿಮಾದ ಕ್ಲೈಮ್ಯಾಕ್ಸ್ ಇದೆ. 1992ರ "ಮೈ ಕಸಿನ್ ವಿನ್ನಿ". ಮರೀಸಾ ಟೊಮೆ ಪಾತ್ರ ಕೋರ್ಟಿನಲ್ಲಿ ಟೈರ್ ಗುರುತಿನ ಫೋಟೋ ನೋಡಿ, ಆರೋಪಿಗಳ 1964ರ ಬ್ಯೂಕ್ ಸ್ಕೈಲಾರ್ಕ್ ಈ ಗುರುತು ಬಿಡೋಕೆ ಸಾಧ್ಯವೇ ಇಲ್ಲ, ಅದರಲ್ಲಿ ಪಾಸಿಟ್ರ್ಯಾಕ್ಷನ್ ಇಲ್ಲ ಅಂತ ವಾದಿಸುತ್ತೆ. ಇಬ್ಬರು ಹುಡುಗರ ಜೀವ ಉಳಿಯುತ್ತೆ. ಆ ಪಾತ್ರಕ್ಕೆ ಟೊಮೆ ಆಸ್ಕರ್ ಗೆದ್ದರು. ನಮ್ಮ ಸಬ್ಜೆಕ್ಟಿನಿಂದ ಆಸ್ಕರ್ ಕೂಡ ಬರುತ್ತೆ, ನೆನಪಿರಲಿ.

5/10 — ಡಬ್ಬಿಯ ಒಳಗೆ

ಈ ಭಾಗ ಸೇವ್ ಮಾಡ್ಕೊಳ್ಳಿ, ವೈವಾದಲ್ಲಿ ಕೆಲಸಕ್ಕೆ ಬರುತ್ತೆ.

ಕ್ಲಚ್ ಎಲ್‌ಎಸ್‌ಡಿಯಲ್ಲೂ ಮಾಮೂಲಿ ಗೇರುಗಳು ಇದ್ದೇ ಇರುತ್ತವೆ. ಜೊತೆಗೆ ಎರಡೂ ಕಡೆ ತೆಳು ಉಕ್ಕಿನ ಪ್ಲೇಟ್‌ಗಳ ಒಂದೊಂದು ಕಟ್ಟು. ಒಂದು ಪ್ಲೇಟ್‌ನ ಹಲ್ಲು ಸೈಡ್ ಗೇರಿಗೆ ಸೇರಿರುತ್ತೆ, ಪಕ್ಕದ ಪ್ಲೇಟ್‌ನ ಕಿವಿ ಹೊರಗಿನ ಡಬ್ಬಿಗೆ. ಮತ್ತೆ ಗೇರಿಗೆ, ಮತ್ತೆ ಡಬ್ಬಿಗೆ. ಬೈಕಿನ ಕ್ಲಚ್ ಬಿಚ್ಚಿದವರಿಗೆ ತಕ್ಷಣ ಹೊಳೆಯುತ್ತೆ. ಪ್ಲೇಟ್‌ಗಳನ್ನು ಅದುಮಿದ್ರೆ ಆಕ್ಸಲ್ ಮತ್ತು ಡಬ್ಬಿ ಒಂದಕ್ಕೊಂದು ಅಂಟಿಕೊಂಡು ಒಟ್ಟಿಗೆ ತಿರುಗೋಕೆ ನೋಡುತ್ತವೆ.

ಅದುಮೋದು ಯಾರು? ಇಬ್ಬರು.

ಮೊದಲನೆಯದು ಸ್ಪ್ರಿಂಗ್. ಅದು ಯಾವಾಗಲೂ ಸ್ವಲ್ಪ ಒತ್ತಿಕೊಂಡೇ ಇರುತ್ತೆ. ಇದಕ್ಕೆ ಪ್ರೀಲೋಡ್ ಅಂತಾರೆ.

ಎರಡನೆಯದು ಎಂಜಿನ್ನೇ. ಪಿನಿಯನ್ ಗೇರುಗಳ ಅಡ್ಡ ಶಾಫ್ಟ್ ಎರಡು ಪ್ರೆಶರ್ ರಿಂಗ್‌ಗಳ ನಡುವೆ ಇಳಿಜಾರು ಕೊರೆದ ಕಚ್ಚಿನಲ್ಲಿ ಕೂತಿರುತ್ತೆ. ಆಕ್ಸಿಲರೇಟರ್ ಒತ್ತಿದಾಗ ಶಾಫ್ಟ್ ಆ ಇಳಿಜಾರು ಹತ್ತೋಕೆ ನೋಡಿ ರಿಂಗ್‌ಗಳನ್ನು ಆಚೆ ಈಚೆ ತಳ್ಳುತ್ತೆ. ಸೌದೆ ಸೀಳುವಾಗ ಬೆಣೆ ಹೊಡೆದ ಹಾಗೆ. ರಿಂಗ್ ಹೋಗಿ ಪ್ಲೇಟ್ ಅದುಮುತ್ತೆ. ಟಾರ್ಕ್ ಜಾಸ್ತಿ ಆದಷ್ಟೂ ಬಿಗಿತ ಜಾಸ್ತಿ.

ಹಿಂದಿನ ಲೆಕ್ಕಕ್ಕೆ ವಾಪಸ್ ಬನ್ನಿ. ಪ್ಲೇಟ್‌ಗಳ ಘರ್ಷಣೆ ಒಟ್ಟು 100 ನ್ಯೂಟನ್ ಮೀಟರ್‌ನಷ್ಟು ವ್ಯತ್ಯಾಸ ಹಿಡಿದಿಟ್ಟರೆ ಕೆಸರಿನ ಚಕ್ರಕ್ಕೆ 50, ಗಟ್ಟಿ ನೆಲದ ಚಕ್ರಕ್ಕೆ 150. ಒಟ್ಟು 200. ಅದೇ ಎಂಜಿನ್, ಅದೇ ಟೈರ್, ತಳ್ಳೋ ಬಲ ಎರಡು ಪಟ್ಟು.

6/10 — ತೋಫು ಕಾರು

1983ರಲ್ಲಿ ಟೊಯೋಟಾ ತನ್ನ ಕೊರೊಲ್ಲಾ ಬಳಗವನ್ನು ಮುಂಬದಿ ಡ್ರೈವ್‌ಗೆ ಬದಲಾಯಿಸುತ್ತಿತ್ತು. ಕೂಪೆಗಳನ್ನು ಮಾತ್ರ ಹಳೇ ರೀತಿ ಹಿಂಬದಿ ಡ್ರೈವ್‌ನಲ್ಲೇ ಬಿಟ್ಟಿತು. ಅವುಗಳಲ್ಲಿ 1,587 ಸಿಸಿಯ ಟ್ವಿನ್ ಕ್ಯಾಮ್ 4ಎ-ಜಿಇ ಎಂಜಿನ್ ಇದ್ದದ್ದರ ಕೋಡ್ ಎಇ86. ದೀಪ ಎದ್ದು ನಿಲ್ಲೋದು ಟ್ರುಯೆನೊ, ನಿಲ್ಲದಿರೋದು ಲೆವಿನ್. 1987ರವರೆಗೆ ಬಂತು. ನೀವು ನೋಡಿರೋದು "ಇನಿಶಿಯಲ್ ಡಿ"ಯಲ್ಲಿ. ಶುಯಿಚಿ ಶಿಗೆನೊ 1995ರಲ್ಲಿ ಶುರು ಮಾಡಿದ ಮಂಗಾದಲ್ಲಿ ತಕುಮಿ ತೋಫು ಡೆಲಿವರಿ ಮಾಡೋ ಅದೇ ಕಪ್ಪು ಬಿಳಿ ಟ್ರುಯೆನೊ.

ಕಥೆ ಪಕ್ಕಕ್ಕಿಡಿ, ಕಾರು ನೋಡಿ. ಹಗುರ ಮೈ, ಆದರೆ ಹಿಂದೆ ಹಳೇ ಕಾಲದ ಒಂದೇ ತೊಲೆಯ ಗಟ್ಟಿ ಆಕ್ಸಲ್. ಜೋರಾಗಿ ತಿರುವು ತಗೊಂಡಾಗ ಭಾರವೆಲ್ಲ ಹೊರಗಿನ ಚಕ್ರಕ್ಕೆ ಹೋಗಿ ಒಳಗಿನದು ಹಗುರಾಗುತ್ತೆ. ಓಪನ್ ಡಿಫರೆನ್ಷಿಯಲ್ ಇದ್ರೆ ಅಲ್ಲಿಗೆ ಮುಗೀತು: ಒಳಚಕ್ರ ಸುಮ್ನೆ ಸುತ್ತುತ್ತೆ, ಹೊರಚಕ್ರಕ್ಕೂ ಅಷ್ಟೇ ಪಾಲು, ಎಂಜಿನ್ ಬರೀ ಕೂಗುತ್ತೆ. ಸಣ್ಣ ಎಂಜಿನ್ನಿನ ಕಾರಿಗೆ ಇದು ದೊಡ್ಡ ನಷ್ಟ. ಇರೋದೇ ಸ್ವಲ್ಪ ಶಕ್ತಿ, ಅದೂ ಹೊಗೆಯಾಗಿ ಹೋದ್ರೆ?

ಟೊಯೋಟಾ ಅದಕ್ಕೆ ಕ್ಲಚ್ ಎಲ್‌ಎಸ್‌ಡಿಯನ್ನು ಆಯ್ಕೆಯಾಗಿ ಕೊಟ್ಟಿತ್ತು. ಕೆಯಿಚಿ ಟ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ, ಆಮೇಲೆ ರೇಸ್ ಟ್ರ್ಯಾಕ್‌ನಲ್ಲಿ ಈ ಕಾರನ್ನು ಅಡ್ಡಡ್ಡ ಓಡಿಸಿ "ಡ್ರಿಫ್ಟ್ ಕಿಂಗ್" ಅನ್ನಿಸಿಕೊಂಡರು. ನೂರಾರು ಹುಡುಗರು ಹಾಗೇ ಓಡಿಸೋಕೆ ಹೊರಟಾಗ ಫ್ಯಾಕ್ಟರಿ ಕೊಟ್ಟಿದ್ದು ಸಾಲದಾಯಿತು.

7/10 — ಸವೆಯೋದೇ ಅದರ ಕೆಲಸ

ಕ್ಲಚ್ ಎಲ್‌ಎಸ್‌ಡಿ ಬಗ್ಗೆ ಯಾರೂ ರೀಲ್ಸ್‌ನಲ್ಲಿ ಹೇಳದ ಮಾತು: ಅದು ಬ್ರೇಕ್ ಪ್ಯಾಡ್ ಥರ. ಉಜ್ಜಿ ಕೆಲಸ ಮಾಡುತ್ತೆ, ಉಜ್ಜಿ ಸವೆಯುತ್ತೆ. ಪ್ಲೇಟ್ ತೆಳುವಾದಂತೆ ಸ್ಪ್ರಿಂಗ್ ಒತ್ತಡ ಕಡಿಮೆಯಾಗುತ್ತೆ, ಪ್ರೀಲೋಡ್ ಇಳಿಯುತ್ತೆ. ಕೊನೆಗೆ ದಾಖಲೆಯಲ್ಲಿ ಎಲ್‌ಎಸ್‌ಡಿ ಇರುತ್ತೆ, ನಡವಳಿಕೆಯಲ್ಲಿ ಓಪನ್.

ಪ್ರೀಲೋಡ್ ಯಾಕೆ ಅಷ್ಟು ಮುಖ್ಯ? ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಅದು ಟಾರ್ಕ್ ತಡ್ಕೊಳ್ಳೋದೇ ಇಲ್ಲ. ಟಾರ್ಕ್ ಇಲ್ಲ ಅಂದ್ರೆ ಇಳಿಜಾರಿನ ಬೆಣೆಗೂ ಒತ್ತಡ ಇಲ್ಲ. ಆ ಕ್ಷಣದಲ್ಲಿ ಕೆಲಸ ಶುರು ಮಾಡೋಕೆ ಇರೋದು ಸ್ಪ್ರಿಂಗ್ ಒಂದೇ.

ಹಳೇ ಕಾರು ನೋಡೋಕೆ ಹೋದಾಗ ಮಾಡೋ ಸರಳ ಪರೀಕ್ಷೆ: ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಮುಂದಿನ ಚಕ್ರಕ್ಕೆ ಅಡ್ಡಗಲ್ಲು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ. ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದ್ರೆ ಪ್ಲೇಟ್‌ಗಳಿಗೆ ಇನ್ನೂ ಜೀವ ಇದೆ. ಉಲ್ಟಾ ತಿರುಗಿದ್ರೆ ಓಪನ್, ಅಥವಾ ಸವೆದು ಓಪನ್ ಆಗಿರೋ ಎಲ್‌ಎಸ್‌ಡಿ.

ಸರಿಯಾಗಿ ಅಳೀಬೇಕು ಅಂದ್ರೆ ಒಂದು ಚಕ್ರ ನೆಲದಲ್ಲಿಟ್ಟು, ಎತ್ತಿದ ಕಡೆಯದನ್ನು ಟಾರ್ಕ್ ರೆಂಚ್‌ನಿಂದ ತಿರುಗಿಸಿ ಎಷ್ಟಕ್ಕೆ ಬಿಟ್ಟುಕೊಡುತ್ತೆ ನೋಡ್ತಾರೆ. ಎಇ86ಗಳಿಗೆ ಈಗ 40 ವರ್ಷ ಹತ್ತಿರ. ಬಿಚ್ಚದೇ ಇರೋ ಫ್ಯಾಕ್ಟರಿ ಎಲ್‌ಎಸ್‌ಡಿ ಮೇಲೆ ನಂಬಿಕೆ ಇಡೋದು ಕಷ್ಟ.

8/10 — ಅಪ್‌ಗ್ರೇಡ್ ಅಂದ್ರೆ ನಾಲ್ಕು ಪ್ರಶ್ನೆ

ಟಿಆರ್‌ಡಿ, ಕಸ್ಕೋ, ಕಾಜ್, ಓಎಸ್ ಗಿಕೆನ್. ಜಪಾನಿನ ಈ ಹೆಸರುಗಳು ಎಇ86 ಮಾಲೀಕರ ಬಾಯಲ್ಲಿ ಸದಾ ಇರುತ್ತವೆ. ಆದರೆ ಡಬ್ಬಿ ಕೊಳ್ಳೋ ಮುಂಚೆ ಅವರು ಉತ್ತರ ಹುಡುಕೋ ಪ್ರಶ್ನೆಗಳು ನಾಲ್ಕು.

ಒಂದು, ಯಾವಾಗ ಲಾಕ್ ಆಗಬೇಕು? ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಂದ್ರೆ 1-ವೇ. ಒತ್ತಿದಾಗಲೂ ಬಿಟ್ಟಾಗಲೂ ಅಂದ್ರೆ 2-ವೇ. ಬಿಟ್ಟಾಗ ಸ್ವಲ್ಪ ಕಡಿಮೆ ಅಂದ್ರೆ 1.5-ವೇ. ಕಚ್ಚಿನ ಎರಡು ಬದಿಯ ಇಳಿಜಾರಿನ ಕೋನದಲ್ಲೇ ಇದೆಲ್ಲ ಇರೋದು. ಡ್ರಿಫ್ಟ್‌ನವರಿಗೆ 2-ವೇ ಇಷ್ಟ, ಕಾಲು ತೆಗೆದಾಗಲೂ ಹಿಂಭಾಗ ಒಂದೇ ರೀತಿ ವರ್ತಿಸುತ್ತೆ.

ಎರಡು, ಎಷ್ಟು ಬಿಗಿ? ಉಜ್ಜುವ ಮೈಗಳು ಹೆಚ್ಚಾದಷ್ಟೂ ಬಿಗಿ ಹೆಚ್ಚು. ಮಜಾ ಏನಂದ್ರೆ ಪ್ಲೇಟ್ ತೆಗೆಯದೇ ಬಿಗಿ ಕಡಿಮೆ ಮಾಡಬಹುದು. ಒಂದೇ ಜಾತಿಯ ಎರಡು ಪ್ಲೇಟ್ ಅಕ್ಕಪಕ್ಕ ಇಟ್ರೆ ಅವೆರಡರ ನಡುವೆ ಉಜ್ಜಾಟವೇ ಇರಲ್ಲ. ಅದೇ ಪ್ಲೇಟ್‌ಗಳು, ಜೋಡಿಸೋ ಕ್ರಮ ಬೇರೆ, ಕಾರಿನ ಸ್ವಭಾವ ಬೇರೆ.

ಮೂರು, ಪ್ರೀಲೋಡ್ ಎಷ್ಟು? ಜಾಸ್ತಿ ಇಟ್ರೆ ಪಾರ್ಕಿಂಗ್‌ನಲ್ಲೂ ಚಕ್ರ ಎಳೆದಾಡುತ್ತೆ.

ನಾಲ್ಕು, ಈ ಕಾರು ದಿನ ಕಳೆಯೋದು ಎಲ್ಲಿ? ಟ್ರ್ಯಾಕ್‌ನಲ್ಲೋ, ಮಳೆಯ ರಸ್ತೆಯಲ್ಲೋ? ಮೊದಲ ಮೂರಕ್ಕೂ ಉತ್ತರ ಇದರಲ್ಲೇ ಇದೆ. ಪೋರ್ಷೆಯ ಹಳೇ 911ಗಳಿಗೆ ಝಡ್‌ಎಫ್‌ನ 40 ಶೇಕಡಾ ಲಾಕ್ ಆಯ್ಕೆಯಾಗಿ ಸಿಗ್ತಿತ್ತು. ಅಂದ್ರೆ ಹೆಚ್ಚೆಂದರೆ 70ಕ್ಕೆ 30ರ ಹಂಚಿಕೆ. ಅಂಥ ಕಾರಿಗೇ 100 ಬೇಕು ಅನ್ನಿಸಲಿಲ್ಲ ನೋಡಿ.

9/10 — ವೆಲ್ಡಿಂಗ್ ಹೊಡೆದವರ ಕಥೆ

ದುಡ್ಡಿಲ್ಲದ ಡ್ರಿಫ್ಟ್ ಹುಡುಗರು ಅಡ್ಡದಾರಿ ಹಿಡಿದರು. ಡಿಫರೆನ್ಷಿಯಲ್ ಬಿಚ್ಚಿ ಒಳಗಿನ ಗೇರುಗಳನ್ನೇ ಒಂದಕ್ಕೊಂದು ವೆಲ್ಡ್ ಮಾಡೋದು. ಕಡಿಮೆ ಖರ್ಚು, 100 ಶೇಕಡಾ ಲಾಕ್. ಟ್ರ್ಯಾಕ್‌ನಲ್ಲಿ ಸದಾ ಜಾರ್ತಾನೇ ಇರೋ ಕಾರಿಗೆ ಅದು ನಡೆಯುತ್ತೆ.

ರಸ್ತೆಯಲ್ಲಿ? ನಾವು ಗಡಿಯಾರದವನಿಗಿಂತ ಹಿಂದಕ್ಕೆ, ಗಟ್ಟಿ ಸಲಾಕೆಯ ಕಾಲಕ್ಕೆ ಹೋದಂತಾಯ್ತು. ಪ್ರತಿ ತಿರುವಿನಲ್ಲೂ ಟೈರ್ ಉಜ್ಜುತ್ತೆ, ಆಕ್ಸಲ್ ತಿರುಚಿಕೊಳ್ಳುತ್ತೆ, ನಿಧಾನ ತಿರುವಿನಲ್ಲಿ ಕಾರು ತಿರುಗದೇ ನೇರ ಹೋಗೋಕೆ ನೋಡುತ್ತೆ. ವೆಲ್ಡ್ ಬಿರುಕು ಬಿಟ್ರೆ ಚೂರುಗಳು ಓಡೋ ಗೇರಿನ ನಡುವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಓಪನ್ ಡಿಫರೆನ್ಷಿಯಲ್‌ನಲ್ಲಿ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಆದ್ರೆ ಸಾಮಾನ್ಯವಾಗಿ ಒಳಚಕ್ರ ಒಂದೇ ಜಾರುತ್ತೆ. ಹೊರಚಕ್ರ ಇನ್ನೂ ರಸ್ತೆ ಹಿಡಿದು ಕಾರನ್ನು ಸಾಲಿನಲ್ಲಿ ಇಟ್ಟಿರುತ್ತೆ. ಪೂರ್ತಿ ಲಾಕ್ ಮಾಡಿದ್ರೆ ಜಾರೋದಾದ್ರೆ ಎರಡೂ ಒಟ್ಟಿಗೆ. ಹಿಂಭಾಗ ಒಂದೇ ಸಲ ಹೊರಗೆ. ಟ್ರ್ಯಾಕ್‌ನಲ್ಲಿ ಟ್ಸುಚಿಯಾಗೆ ಬೇಕಿದ್ದದ್ದು ಅದೇ. ಟ್ಯೂಷನ್‌ನಿಂದ ಮಳೆಯಲ್ಲಿ ಮನೆಗೆ ಬರೋರಿಗೆ ಅದು ಬೇಡ.

ಇನ್ನೊಂದು ಎಚ್ಚರಿಕೆ: ಎಲ್‌ಎಸ್‌ಡಿ ಅಥವಾ ಲಾಕ್ ಇರೋ ಕಾರಿನ ಒಂದೇ ಹಿಂಚಕ್ರ ಜಾಕ್ ಮೇಲೆ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಬೇಡಿ. ನೆಲದ ಮೇಲಿರೋ ಚಕ್ರಕ್ಕೂ ಟಾರ್ಕ್ ಹೋಗುತ್ತೆ. ಕಾರು ಜಾಕ್‌ನಿಂದ ಹಾರಿ ಮುಂದಕ್ಕೆ ಬರುತ್ತೆ. ಮುಂದೆ ನಿಂತಿರೋದು ನಿಮ್ಮ ಗೆಳೆಯ ಆಗಿರಬಹುದು.

10/10 — ಮಗಾ, ಇದು ನಿನಗೆ

ಆಮೇಲೆ ಏನಾಯ್ತು? ಅಮೆರಿಕದ ವರ್ನನ್ ಗ್ಲೀಸ್‌ಮನ್ ಕಂಡುಹಿಡಿದ ಟಾರ್ಸೆನ್, ಪ್ಲೇಟ್ ಇಲ್ಲದೆ ಬರೀ ಗೇರುಗಳಿಂದಲೇ ಕೆಲಸ ಮಾಡುತ್ತೆ. ಅಷ್ಟು ಬೇಗ ಸವೆಯಲ್ಲ, ಸದ್ದಿಲ್ಲ. 2012ರಲ್ಲಿ ಟೊಯೋಟಾ ಎಇ86ರ ನೆನಪಿಗೆ "86" ಅಂತಲೇ ಹೆಸರಿಟ್ಟು ತಂದ ಕಾರಿಗೆ ಕೊಟ್ಟಿದ್ದೂ ಟಾರ್ಸೆನ್ನೇ. ಇವತ್ತಿನ ಎಷ್ಟೋ ಕಾರುಗಳಲ್ಲಿ ಜಾರೋ ಚಕ್ರಕ್ಕೆ ಕಂಪ್ಯೂಟರೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಟಾರ್ಕ್ ಕಳಿಸುತ್ತೆ.

ಆದ್ರೂ ಹಳೇ ಎಇ86 ಇರೋರು ಕ್ಲಚ್ ಪ್ಲೇಟ್ ಬದಲಾಯಿಸ್ತಾನೇ ಇದಾರೆ. ಬಿಚ್ಚಿ, ಅಳೆದು, ತಮಗೆ ಬೇಕಾದಷ್ಟು ಬಿಗಿ ಮಾಡ್ಕೋಬಹುದು ಅನ್ನೋದೇ ಅದರ ಸುಖ. ಹೊಸ ಪ್ಲೇಟ್ ಹಾಕಿದ ಮೇಲೆ ಖಾಲಿ ಜಾಗದಲ್ಲಿ ನಿಧಾನಕ್ಕೆ ಇಂಗ್ಲಿಷಿನ 8ರ ಆಕಾರದಲ್ಲಿ ಓಡಿಸಿ ಪಳಗಿಸ್ತಾರೆ, ಆಮೇಲೆ ಆಯಿಲ್ ಬದಲಾಯಿಸ್ತಾರೆ. ಆಯಿಲ್ ಕೂಡ ಎಲ್‌ಎಸ್‌ಡಿಗೇ ಅಂತ ಇರೋದು. ತಪ್ಪು ಆಯಿಲ್ ಹಾಕಿದ್ರೆ ಪ್ರತಿ ತಿರುವಿನಲ್ಲೂ ಕಟಕಟ.

ಈಗ ನಿನ್ನ ಪ್ರಶ್ನೆ. "ಪೂರ್ತಿ ಲಾಕ್ ಮಾಡಿಬಿಟ್ರೆ ಒಳ್ಳೇದಲ್ವಾ?" ಅಲ್ಲ. ಎರಡು ಚಕ್ರಗಳನ್ನು ಬಿಡಿಸೋಕೆ ಒಬ್ಬ ಗಡಿಯಾರದವನು ಬೇಕಾಯ್ತು. ಬಿಡಿಸಿದ್ದು ಜಾಸ್ತಿ ಆಯ್ತು ಅಂತ ಸ್ವಲ್ಪ ಕಟ್ಟೋಕೆ ಇನ್ನೂ 100 ವರ್ಷ ಹಿಡೀತು. ಇಷ್ಟೂ ಜನ ತಲೆ ಕೆಡಿಸಿಕೊಂಡಿದ್ದು "ಎಷ್ಟು ಕಟ್ಟಬೇಕು" ಅನ್ನೋದಕ್ಕೆ. ನಾನು ಲ್ಯಾಬ್‌ನಲ್ಲಿ ಒಂದೇ ಸಾಲಲ್ಲಿ "ಜಾಸ್ತಿ ಇದ್ದಷ್ಟೂ ಒಳ್ಳೇದು" ಅಂದುಬಿಟ್ಟೆ. ಸಾರಿ.

ವೆಲ್ಡಿಂಗ್ ಬೇಡ. ಭಾನುವಾರ ನಿಮ್ಮ ಮನೆಗೆ ಬರ್ತೀನಿ. ಇಬ್ರೂ ಸೇರಿ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸೋಣ, ಹಿಂದಿನ ಟೈರ್ ಎಷ್ಟು ಸವೆದಿದೆ ನೋಡೋಣ. ಹಿಡಿತ ಶುರುವಾಗೋದೇ ಅಲ್ಲಿಂದ. ಕಾಫಿ ನಿಂದು.

ಉಳಿದವರಿಗೆ ಒಂದು ಪ್ರಶ್ನೆ: ನಿಮ್ಮೂರಲ್ಲಿ ಒಂದು ಚಕ್ರ ಸುತ್ತಿ ಗಾಡಿ ಸಿಕ್ಕಿಹಾಕಿಕೊಂಡಾಗ ಹೇಗೆ ಆಚೆ ತೆಗೆದ್ರಿ? ಕಾಮೆಂಟ್‌ನಲ್ಲಿ ಬರೀರಿ. ಡಿಫರೆನ್ಷಿಯಲ್ ವೆಲ್ಡ್ ಮಾಡಿಸ್ತೀನಿ ಅನ್ನೋ ಗೆಳೆಯ ಇದ್ರೆ 9ನೇ ಭಾಗ ಅವನಿಗೆ ಕಳಿಸಿ.

#ಎಇ86 #ಎಲ್‌ಎಸ್‌ಡಿ #ಕಾರಿನಕಥೆ #ಮೆಕ್ಯಾನಿಕಲ್‌ಹುಡುಗರು #ಕನ್ನಡದಲ್ಲಿಓದಿ